ಟೀಚರ್ ಬಾಯಿಗೆ ಕಲ್ಲುಸಕ್ಕರೆ

ಮಲ್ಕಾಜ್‌ಗಿರಿಯ ನನ್ನ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಲ್ಲಿನ ಕಂಪ್ಯೂಟರ್ ಇತ್ತು. ಮೇಲಿನ ಮನೆಯ ಕಲಬುರಗಿ ಟೀಚರ್ ಬಿಡುವಾದಾಗಲೆಲ್ಲ ಅಲ್ಲಿ ಕೂತು ಆನ್‌ಲೈನ್ ಕೋರ್ಸ್ ಓದುತ್ತಿದ್ದರು. ಪಾಠ ಮಾಡುತ್ತಲೇ ತಲೆ ನರೆತಿತ್ತು; ಆದರೂ ಅದರ ಸರ್ಟಿಫಿಕೇಟ್ ಇಲ್ಲದಿದ್ದರೆ ಜೂನ್‌ನಿಂದ ಕೆಲಸವಿಲ್ಲ ಎಂದಿತ್ತು ಶಾಲೆ.

ಕೊನೆಯ ಪರೀಕ್ಷೆಯ ದಿನ, ಒಂದು ಭಾಗ ಮುಗಿಸಿ, ನಡುವಿನ ಬಿಡುವಿನಲ್ಲಿ ಹೊರಗೆ ಓಡಿ ಬಂದರು.

“ಸಾವ್ಕಾರ್ರೀ, ಪ್ರಶ್ನೆ ಜೋರಾಗಿ ಓದಾಕತ್ತೀನಿ. ಮಾತು ಕೇಳಸ್ತೈತಿ ಅಂತ ಕಂಪ್ಯೂಟರ್ ಎಚ್ಚರಿಕಿ ಕೊಟ್ಟೈತಿ. ಇನ್ನೊಮ್ಮೆ ಬಾಯಿ ತೆಗದ್ರ ಪರೀಕ್ಷಾನ ರದ್ದು!”

“ಮನಸಿನ್ಯಾಗ ಓದ್ರಲ್ಲಾ.”

“ಹುಡುಗರಿಗೆ ಓದಿ ಹೇಳಿ ರೂಢಿ ಆಗೇತ್ರಿ. ನಾಲಿಗಿ ನನ್ನ ಮಾತ ಕೇಳವಲ್ದು.”

ಸಗಟು ವ್ಯಾಪಾರಿಯ ಎದುರು ಅವಸರಪಟ್ಟು ದರ ಹೇಳಿಬಿಡಬಾರದೆಂದು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಕೂರುವವನು ನಾನು. ಡಬ್ಬಿಯಿಂದ ಇದ್ದುದರಲ್ಲೇ ದೊಡ್ಡ ತುಂಡು ಆರಿಸಿ ಕೊಟ್ಟೆ. ಕೆನ್ನೆ ಉಬ್ಬಿಸಿಕೊಂಡು ಒಳಗೆ ಹೋದರು. ಗಿರಾಕಿಗಳಿಗೆ ಮೆಲ್ಲಗೆ ಮಾತಾಡಿ ಎಂದು ಸನ್ನೆ ಮಾಡುತ್ತಾ, ಒಳಗಿಂದ ದನಿ ಬಂದೀತೇನೋ ಎಂದು ಕಿವಿಗೊಟ್ಟು ನಿಂತೆ.

ಬಾಗಿಲು ತೆರೆಯಿತು. ಟೀಚರ್ ಕಣ್ಣಲ್ಲಿ ನೀರು.

“ಏನಾತ್ರೀ?”

ತಡೆಯಿರಿ ಎಂದು ಕೈಯೆತ್ತಿದರು. ತುಂಡು ಇನ್ನೂ ಕರಗಿರಲಿಲ್ಲ. ಅವರ ಉಬ್ಬಿದ ಕೆನ್ನೆಯನ್ನೇ ನೋಡುತ್ತಾ ಕಾದೆ. ಕೊನೆಗೊಮ್ಮೆ ನುಂಗಿಕೊಂಡು, “ಪಾಸ್ರೀ!” ಅಂದರು.

ಅಂದಿನಿಂದ ಯಾರಿಗೇ ಆಗಲಿ, ಚಿಕ್ಕ ತುಂಡನ್ನೇ ಕೊಡುತ್ತೇನೆ.