ದೊಡ್ಡಪ್ಪನೂ ನಾನೂ, ಬೆನ್ನಿಗೆ ಬೆನ್ನು

ನೀವೇ ಹೇಳಿ ಗೆಳೆಯರೇ. ಊರಿನವರ ಕಣ್ಣಿಗೆ ಬೀಳಬಾರದೆಂದೇ ಕನಕಪುರದಿಂದ ಬಸ್ಸು ಹತ್ತಿ ಬೆಂಗಳೂರಿನ ಜರ್ಮನ್ ಹೋಟೆಲಿಗೆ ಹೋದರೆ, ಪಕ್ಕದ ಮೇಜಿನಲ್ಲಿ ನಮ್ಮ ದೊಡ್ಡಪ್ಪ! ಅವರೂ ಅದಕ್ಕೇ ಬಂದಿದ್ದರು. ಇಬ್ಬರೂ ಎತ್ತಿದ್ದ ಬಿಯರ್ ಮಗ್ಗನ್ನು ಒಟ್ಟಿಗೇ ಕೆಳಗಿಟ್ಟೆವು. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರು ಎದುರುಬದುರು ಕುಡಿಯುವುದಿಲ್ಲ. ಯಾರು ಕುಡಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಆ ಮಾತು ಬೇರೆ.

"ಹೊಂಟೆ ದೊಡ್ಡಪ್ಪ" ಎಂದು ಎದ್ದೆ.

"ಕುಂತ್ಕಳ್ಲಾ, ಎಲ್ಗೋಯ್ತೀಯಾ? ನೀನು ಆ ಕಡೆ ತಿರ್ಗು, ನಾನು ಈ ಕಡೆ ತಿರುಗ್ತೀನಿ" ಎಂದರು.

ಬೆನ್ನಿಗೆ ಬೆನ್ನು ಮಾಡಿ ಕೂತು ಕುಡಿದೆವು. ಸಾಸೇಜಿನ ತಟ್ಟೆ ಹೆಗಲ ಮೇಲಿಂದ ನನ್ನ ಕಡೆ ಬಂತು. "ತಕ್ಕೊ, ಒಸಿ ಸಪ್ಪೆ ಐತೆ, ಆದ್ರೂ ತಿನ್ನು."

ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ನಿಮ್ಮಪ್ಪ ಇದ್ದಿದ್ರೆ ಅವುನ್ನೂ ಕರ್ಕೊಂಡ್ ಬತ್ತಿದ್ದೆ ಕಣ್ಲಾ" ಎಂದರು.

ಅಪ್ಪ ಹೋದ ಮೇಲೆ ದೊಡ್ಡಪ್ಪ ತಮ್ಮನ ಮಾತೆತ್ತಿದ್ದು ಇದೇ ಮೊದಲು. ದನಿ ಒಡೆದಿತ್ತು. ತಿರುಗಿ ಅವರ ಮುಖ ನೋಡಬೇಕೆನಿಸಿತು. ಹೇಗೆ ನೋಡಲಿ? ಅವರ ಕೈಯಲ್ಲಿ ಮಗ್ ಇತ್ತಲ್ಲ!