ಕೇಳಿ ಸುಮ್ಮನಿರುತ್ತಿದ್ದ ಅಣ್ಣ

ಆವತ್ತು ಹನಕೆರೆಯಲ್ಲಿ ಅಣ್ಣ ಬೈಸಿಕೊಳ್ಳುವಾಗ, ತಪ್ಪು ನನ್ನದು ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ಅಣ್ಣ ನಮ್ಮ ಕೆರಗೋಡಿನಿಂದ ಮೈಸೂರಿಗೆ ಹೋಗಿ ಓದಿದವನು. ನಾಲೆಯ ನೀರು ಬಂದು ಹೊಲಗಳೆಲ್ಲ ಗದ್ದೆಯಾದ ಮೇಲೆ ಮನೆಗಳ ಒಳಗೆ ಏನು ಬದಲಾಯಿತು ಅಂತ ಊರೂರು ತಿರುಗಿ ಕೇಳಿ ಬರೆಯುವುದು ಅವನು ಹಿಡಿದ ಕೆಲಸ. ಹೆಂಗಸರು ಗಂಡಸಿನ ಮುಂದೆ ಬಾಯಿ ಬಿಡುವುದಿಲ್ಲ ಅಂತ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ.

ಜನರ ಎದುರು ಅವನು ಪೆನ್ಸಿಲ್ ತೆಗೆಯುತ್ತಿರಲಿಲ್ಲ. "ಬರ್ಕೊಳ್ಳೋನ್ನ ಕಂಡ್ರೆ ಕಂದಾಯದೋನು ಅಂತ ಎಲ್ರೂ ಬಡವರಾಗ್ಬುಡ್ತಾರೆ" ಅನ್ನುತ್ತಿದ್ದ. ಜಗುಲಿಯ ಮೇಲೆ ಅವರ ಜೊತೆ ಅವರೆಕಾಯಿ ಸುಲಿಯುತ್ತಾ, ಒಂದು ಮಾತು ಕೇಳಿ ಸುಮ್ಮನಾಗುತ್ತಿದ್ದ. ನಾನೊಮ್ಮೆ ಒಬ್ಬ ಅಜ್ಜಿಯನ್ನು "ಊಟ ಆಯ್ತಾ?" ಅಂತ ಕೇಳಿದೆ. "ಆಯ್ತು ಕಣವ್ವ" ಅಂದಳು. ದಾರಿಯಲ್ಲಿ ಅಣ್ಣ ನಕ್ಕ. "ಅಂಗ್ ಕೇಳುದ್ರೆ ಉಪಾಸ ಇರೋರೂ ಆಯ್ತು ಅಂತಾರೆ. ಒಲೆ ಮ್ಯಾಲೆ ಏನಿಟ್ಟಿದ್ದೆ ಅಂತ ಕೇಳು. ಕೇಳ್ಬುಟ್ಟು ಬಾಯ್ ಮುಚ್ಕೊಂಡಿರು." ಇನ್ನೊಂದು ಕಟ್ಟಳೆಯಿತ್ತು. ಕೇಳಿದ ಮಾತನ್ನು ಬರೆಯಬಹುದು, ಹೇಳಿದವರ ಹೆಸರನ್ನು ಯಾರ ಮುಂದೆಯೂ ಎತ್ತಕೂಡದು.

ಒಲೆಯ ಮಾತು ಕೇಳಿದ್ದಕ್ಕೇ ಹನಕೆರೆಯ ತಾಯಮ್ಮ ನನ್ನ ಮುಂದೆ ಗುಟ್ಟು ಬಿಟ್ಟಳು. ಮಾವ ಭತ್ತಕ್ಕೆ ಬೀಗ ಹಾಕಿಟ್ಟು ಎಲ್ಲವನ್ನೂ ಮಾರಿಬಿಡುತ್ತಾನೆ, ಮಕ್ಕಳಿಗೆ ಬರೀ ಗಂಜಿ. ಅದಕ್ಕೆ ಅವಳು ಪಾವಿನಷ್ಟು ಕದ್ದು, ಪಕ್ಕದ ಮನೆಯಲ್ಲಿ ಕುಟ್ಟಿ ಬೇಯಿಸಿ ಉಣಿಸುತ್ತಿದ್ದಳು. ಅದೇ ಊರಿನ ಬಾವಿಕಟ್ಟೆಯಲ್ಲಿ ನೀರು ಕುಡಿಯಲು ನಿಂತಾಗ, ಹೆಂಗಸರನ್ನು ನಗಿಸುವ ಚಪಲಕ್ಕೆ ನಾನು ಅಂದುಬಿಟ್ಟೆ: "ಮಾವ ಬೀಗ ಕಾಯ್ತಾ ಕುಂತವ್ನೆ, ತಾಯಮ್ಮ ಪಕ್ಕದ್ ಮನೇಲಿ ಅನ್ನ ಬೇಯಿಸ್ತಾವ್ಳೆ."

ಮುಂದಿನ ವಾರ ಹೋದಾಗ ತಾಯಮ್ಮ ಇರಲಿಲ್ಲ. ಮಕ್ಕಳನ್ನು ಇಟ್ಟುಕೊಂಡು ಅವಳನ್ನು ತವರಿಗೆ ಅಟ್ಟಿದ್ದರು. ಬಾವಿಕಟ್ಟೆಯ ಮಾತು ಬಾಯಿಂದ ಬಾಯಿಗೆ ಹೋಗಿ, ಕೇಳಿ ಬರೆಯಲು ಬಂದವನೇ ಹೇಳಿದ್ದು ಅಂತಾಗಿತ್ತು. ಅವಳ ಮಾವ ಅಣ್ಣನಿಗೆ ಅಡ್ಡ ನಿಂತ.

"ಓದ್ದೋರು ಅಂತ ಜಗ್ಲಿ ಮ್ಯಾಲೆ ಕೂರ್ಸುದ್ರೆ ಮನೆ ಮಾನ್ವ ಬೀದಿಗಾಕ್ಬುಟ್ರಲ್ಲ ಸ್ವಾಮಿ. ಯೋಳ್ದೋರು ನೀವೇ ತಾನೆ?"

ಅಣ್ಣ ನನ್ನ ಕಡೆ ತಿರುಗಲಿಲ್ಲ. "ಕೇಳಕ್ ಬಂದೋನು ನಾನು, ತಪ್ಪು ನಂದೇ. ಆವಮ್ಮನ್ನ ಕರ್ಕೊಂಬನ್ನಿ ಯಜಮಾನ್ರೆ, ಮಕ್ಳವೆ."

"ನೀವ್ ನಡೀರಿ ಮೊದ್ಲು."

ನಾನು ಮುಖಕ್ಕೆ ಸೆರಗು ಎಳೆದುಕೊಂಡು ಅಣ್ಣನ ಬೆನ್ನ ಹಿಂದೆ ನಿಂತಿದ್ದೆ. ಆಮೇಲೆ ಸುತ್ತಲ ಯಾವ ಊರಿನಲ್ಲೂ ಅವನನ್ನು ಕೂರಿಸುವವರಿರಲಿಲ್ಲ. ಬರೆಯುವುದು ಅರ್ಧಕ್ಕೇ ನಿಂತಿತು. ಊರವರನ್ನೆಲ್ಲ ಕೇಳಿದವನು ನನ್ನನ್ನು ಮಾತ್ರ ಏನೂ ಕೇಳಲಿಲ್ಲ.

ಮರುವರ್ಷ ಚಳಿಜ್ವರದಲ್ಲಿ ಅಣ್ಣ ತೀರಿಕೊಂಡ. ತಾಯಮ್ಮ ಇನ್ನೂ ತವರಲ್ಲೇ ಇದ್ದಳು. ತಿಥಿ ಮುಗಿದ ಮೇಲೆ ನಾನೊಬ್ಬಳೇ ಹನಕೆರೆಗೆ ಹೋದೆ. ಅವಳ ಮಾವ ಊರ ಗಂಡಸರ ಜೊತೆ ಹಗ್ಗ ಹೊಸೆಯುತ್ತಿದ್ದ. ನಾನು ಹೋಗಿ ಅವನ ಎದುರಿಗೇ ನಿಂತೆ.

"ಯಾರವ್ವ ನೀನು?"

"ನೀವ್ ಓಡಿಸಿದ್ರಲ್ಲ, ಅವ್ರ ತಂಗಿ ಕಣಯ್ಯ. ಬಾವಿ ತಾವ ಯೋಳ್ದೋಳು ನಾನು, ನಮ್ಮಣ್ಣ ಅಲ್ಲ. ತಾಯಮ್ಮ ಮಕ್ಳ ಒಟ್ಟೆಗೆ ಕದ್ಲು, ನಾನು ನಗ್ಸಕ್ ಓಗಿ ಅವಳ ಮನೆ ಕೆಡಿಸ್ದೆ. ಅವಳ್ನ ಕರ್ಕೊಂಬನ್ನಿ. ನಂದು ತೆಪ್ಪಾಯ್ತು."