ಒಂದು ಚೀಲ ಕಮ್ಮಿ

ಅಮ್ಮ ಮೂರನೇ ಸಲ ಚೀಲ ಎಣಿಸತೊಡಗಿದಾಗ ಮಗಳು ಫೋನಿನಲ್ಲಿ ಗಂಟೆ ನೋಡಿದಳು. ಗಿಡ ನೆಡುವ ಕೆಲಸದಿಂದ ಅಮ್ಮನ ಬೀಳ್ಕೊಡುಗೆ ನಾಲ್ಕಕ್ಕೆ, ಈಗಾಗಲೇ ಮೂರೂವರೆ. ಕಂಕುಳಲ್ಲಿ ಏಳು ತಿಂಗಳ ಕೂಸು. ಹೆಗಲಿನ ಬ್ಯಾಗಿನಲ್ಲಿ ಬಿಸಿನೀರಿನ ಫ್ಲಾಸ್ಕು, ಮೂರು ಜೊತೆ ಬಟ್ಟೆ, ಎರಡು ಟೋಪಿ, ಜ್ವರ ಬಾರದಿದ್ದರೂ ಜ್ವರದ ಔಷಧಿ.

"ಮೂವತ್ತೊಂಬತ್ತು," ಅಂದಳು ಅಮ್ಮ. "ಇವತ್ತು ನೆಟ್ಟ ಗಿಡ ನಲವತ್ತು. ಒಂದು ಚೀಲ ಕಮ್ಮಿ."

"ಗಾಳಿಗೆ ಹಾರಿರತ್ತೆ, ಬಾಮ್ಮಾ."

"ಮೂವತ್ಮೂರು ವರ್ಷ ಹಾರದೇ ಇದ್ದದ್ದು ಇವತ್ತು ಹಾರತ್ತಾ?"

ನರ್ಸರಿಯಿಂದ ಸಸಿಗಳು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ನೆಡುವ ಮೊದಲು ಅದನ್ನು ಸೀಳಿ ತೆಗೆಯಬೇಕು. ಮರೆತರೆ ಬೇರು ಒಳಗೊಳಗೇ ಸುತ್ತಿಕೊಂಡು, ಎರಡು ವರ್ಷ ಹಸಿರಾಗಿಯೇ ನಿಂತ ಗಿಡ ಮೂರನೆಯ ವರ್ಷ ಒಂದು ಗಾಳಿಗೆ ಬುಡಸಮೇತ ಮಗುಚುತ್ತದೆ. ಅದಕ್ಕೇ ಅಮ್ಮ ತೆಗೆದ ಚೀಲವನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆ ಎಣಿಸುತ್ತಿದ್ದಳು. ಲೆಕ್ಕ ತಪ್ಪಿದ್ದೇ ಇಲ್ಲ. ಗಿಡ ಇಟ್ಟು, ಸುತ್ತ ಹಿಮ್ಮಡಿಯಿಂದ ಮೂರು ಸಲ ಮಣ್ಣು ತುಳಿದು, "ಕೂತ್ಕೋ ಮಗಾ" ಅನ್ನುವುದು ಅವಳ ಪದ್ಧತಿ. ಕೆಲಸದವರ ಬಾಯಲ್ಲಿ ಅವಳ ಹೆಸರೇ ಹಿಮ್ಮಡಿ ಅಕ್ಕ. ಚಿಕ್ಕವಳಿದ್ದಾಗ ಮಗಳಿಗೆ ಈ "ಮಗಾ" ಕೇಳಿದರೆ ಮೈ ಉರಿಯುತ್ತಿತ್ತು. ಊರ ತುಂಬ ಇವಳಿಗೆ ಅದೆಷ್ಟು ಮಕ್ಕಳು ಎಂದು ಮುನಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಮುಂದಿನ ಮರ ತೋರಿಸಿ ಅಮ್ಮ, "ಇದು ನಿನಗಿಂತ ಎರಡು ತಿಂಗಳಿಗೆ ದೊಡ್ಡದು, ಅಕ್ಕ ಅನ್ನು" ಎಂದು ಕಾಡುತ್ತಿದ್ದಳು.

ಈಗ ಅದೇ ಅಮ್ಮ ರಸ್ತೆಯುದ್ದಕ್ಕೂ ಓಡುನಡಿಗೆಯಲ್ಲಿ ಒಂದೊಂದು ಗಿಡದ ಬುಡಕ್ಕೂ ಬೆರಳಿಳಿಸುತ್ತಿದ್ದಳು. ಬೆರಳಿಗೆ ಮಣ್ಣು ಸಿಕ್ಕರೆ ಮುಂದಿನದಕ್ಕೆ. ಹಿಂದೆ ಹಿಂದೆ ಮಗಳು. ಅವಳ ಹಿಂದೆ, ಕರೆಯಲು ಬಂದ ಕಚೇರಿಯ ಉಗ್ರಾಣದವನು.

"ಹಿಮ್ಮಡಿ ಅಕ್ಕಾ, ಸಾಹೇಬ್ರು ಬಂದು ಕೂತಿದಾರೆ. ಗಿಡ ಎಲ್ಲಿಗೂ ಓಡಿಹೋಗಲ್ಲ."

"ಸಾಹೇಬ್ರೂ ಓಡಿಹೋಗಲ್ಲ, ಬಿಡಪ್ಪ. ಮೈಕ್ ಕೈಗೆ ಸಿಕ್ಕಿದೆಯಲ್ಲ."

ಮೂವತ್ತೊಂಬತ್ತೂ ಮುಗಿದವು. ಎಲ್ಲವೂ ಸರಿ. ಉಳಿದದ್ದು ಒಂದೇ. ಬೆಳಿಗ್ಗೆ ಅಮ್ಮನ ಗೌರವಕ್ಕೆಂದು ಕಚೇರಿ ಅಂಗಳದಲ್ಲಿ ಸಾಹೇಬರೇ ಕೈಯಾರೆ ನೆಟ್ಟ ಗಿಡ.

"ಆವಾಗ ನಾನು ಪಕ್ಕದಲ್ಲೇ ಇದ್ದೆನಲ್ಲ," ಅಮ್ಮ ಹಣೆ ಒತ್ತಿಕೊಂಡಳು. "ನನ್ನ ಕಣ್ತಪ್ಪಿಸಿ ಹೆಂಗೆ ಆಗತ್ತೆ?"

ಮಗಳು ಫೋನು ತೆರೆದಳು. ಬೆಳಿಗ್ಗೆ ವಿಡಿಯೊ ಮಾಡಿದವಳು ಅವಳೇ. ಪರದೆಯಲ್ಲಿ ಸಾಹೇಬರು ಬಾಗುತ್ತಾರೆ, ಅಮ್ಮ ಗಿಡದತ್ತ ಕೈ ಚಾಚುತ್ತಾಳೆ. ಅಷ್ಟರಲ್ಲಿ ಮಗಳದೇ ದನಿ: "ಅಮ್ಮಾ, ಇಲ್ಲಿ ನೋಡು, ಸ್ವಲ್ಪ ನಗು." ಅಮ್ಮ ತಿರುಗಿ ನಗುತ್ತಾಳೆ. ಅವಳ ಬೆನ್ನ ಹಿಂದೆ ಗಿಡ ಗುಂಡಿಗಿಳಿಯುತ್ತದೆ, ಕಪ್ಪಗೆ ಮಿರಮಿರ ಮಿಂಚುತ್ತ.

ಮಗಳು ಫೋನನ್ನು ಅಮ್ಮನತ್ತ ತಿರುಗಿಸಿದಳು. "ನನ್ನಿಂದಾಗಿದ್ದು ಇದು. ಈಗ ಎಲ್ಲರೆದುರು ಕೀಳೋದು ಬೇಡಮ್ಮಾ. ಸಾಹೇಬ್ರ ಮರ್ಯಾದೆ, ನಿನ್ನ ಕೊನೇ ದಿನ... ನಾಳೆ ಬಂದು ಸದ್ದಿಲ್ಲದೆ ಸರಿ ಮಾಡೋಣ."

"ನಾಳೆ ಆ ಗೇಟಿನೊಳಗೆ ನಾನ್ಯಾರು?"

ಅಮ್ಮ ಆಗಲೇ ಕಚೇರಿಯ ಕಡೆ ಹೊರಟಿದ್ದಳು.

ಅಂಗಳದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಸಾಹೇಬರು ಭಾಷಣದ ನಡುವೆ, "ಇವರು ನೆಟ್ಟ ಒಂದು ಗಿಡವೂ..." ಎನ್ನುತ್ತಿದ್ದಂತೆ ಅಮ್ಮ ಎಲೆಯ ಮೇಲೆ ಕಂಬಳಿಹುಳು ಕಂಡವಳಂತೆ ಸರಸರನೆ ಹೋಗಿ ಆ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಬೆರಳು ಇಳಿಸಿದಳು. ಚರಚರ ಎಂದಿತು, ಪ್ಲಾಸ್ಟಿಕ್.

"ಸಾರ್, ನಿಮ್ಮ ಕೂಸಿಗೆ ಉಸಿರುಕಟ್ಟುತ್ತಿದೆ," ಅಂದಳು, ಮೈಕಿನ ಅಗತ್ಯವೇ ಇಲ್ಲದ ದನಿಯಲ್ಲಿ.

ಕುರ್ಚಿಗಳೆಲ್ಲ ಅತ್ತ ತಿರುಗಿದವು. ಸಾಹೇಬರ ಕಿವಿ ಕೆಂಪಾದವು. ಮಗಳು ಕಣ್ಣು ಮುಚ್ಚಿದಳು, ತೆರೆದಳು. ಮನೆಯಲ್ಲಿ ಹತ್ತು ಸಲ ಕೈ ತೊಳೆಯದೆ ಯಾರಿಗೂ ಮುಟ್ಟಲು ಬಿಡದ ಕೂಸನ್ನು ಸೀದಾ ಉಗ್ರಾಣದವನ ತೋಳಿಗೆ ತುರುಕಿ, ಧೂಳಿನಲ್ಲಿ ಅಮ್ಮನ ಎದುರು ಮಂಡಿಯೂರಿದಳು.

"ನೀನು ಕಾಂಡ ಹಿಡ್ಕೋ. ಹಿಸುಕಬೇಡ, ಕೂಸಿನ ಕತ್ತು ಹಿಡಿದ ಹಾಗೆ," ಅಂದಳು ಅಮ್ಮ.

ಅದೊಂದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಹಿಡಿದಳು, ಅಮ್ಮ ಮಣ್ಣು ಬಗೆದು ಚೀಲ ಸೀಳಿದಳು. ಅಷ್ಟರಲ್ಲಿ ಪಕ್ಕದಲ್ಲಿ ಇಸ್ತ್ರಿ ಪ್ಯಾಂಟಿನ ಎರಡು ಮಂಡಿಗಳು ಊರಿದವು. ಸಾಹೇಬರು ಎರಡೂ ಕೈಯಿಂದ ಮಣ್ಣು ಎಳೆದು ಹಾಕುತ್ತ, "ನನಗೆ ಯಾರೂ ಹೇಳಿಕೊಟ್ಟಿರಲಿಲ್ಲಮ್ಮ," ಅಂದರು, ಸಣ್ಣಗೆ.

"ಬೆಳಿಗ್ಗೆ ಹೇಳೋದ್ರೊಳಗೆ ಇವಳು ನನ್ನ ನಗಿಸಿಬಿಟ್ಟಳು, ಸಾರ್."

ಹಿಂದಿನ ಸಾಲಿನಲ್ಲಿ ಗಿಡಗಳಿಗೆ ನೀರು ತರುವ ಟ್ಯಾಂಕರ್ ಚಾಲಕ ಮೊದಲು ನಕ್ಕ. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಉಗ್ರಾಣದವನ ಜೇಬಿನ ಪೆನ್ನು ಚೀಪುತ್ತಿದ್ದ ಕೂಸೂ ಕೇಕೆ ಹಾಕಿತು. ಮಗಳು ಪೆನ್ನು ನೋಡಿದಳು, ಆದರೂ ಏಳಲಿಲ್ಲ. ಕೈಯಲ್ಲಿ ಕಾಂಡವಿತ್ತು.

ಅಮ್ಮ ಎದ್ದಳು, ತುಳಿಯಲಿಲ್ಲ. ಮಗಳ ಕಡೆ ಗದ್ದ ಆಡಿಸಿದಳು. ಮಗಳು ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ಮೂರು ಸಲ ಒತ್ತಿದಳು.

"ಬಾಯಲ್ಲೇನು ಕಡುಬಾ? ಹೇಳು."

"ಕೂತ್ಕೋ ಮಗಾ," ಅಂದಳು ಮಗಳು.

ಅಮ್ಮ ಕಪ್ಪು ಚೀಲವನ್ನು ಕೊಡವಿ ಉಳಿದ ಚೀಲಗಳ ಜೊತೆ ಸೇರಿಸಿ, ಉಗ್ರಾಣದವನತ್ತ ಚಾಚಿದಳು. "ನಲವತ್ತು. ಎಣಿಸ್ಕೋ. ಸಾರ್, ಈಗ ಹೇಳಿ, ನಾನು ನೆಟ್ಟ ಒಂದು ಗಿಡವೂ... ಆಮೇಲೆ?"